ಒಂದು ಮನೆ, ನಾಲ್ಕು ಪಥ್ಯ

ಅಲ್ ರಯ್ಯಾನ್‌ನಲ್ಲಿ ಶುಕ್ರವಾರ ರಜೆ. ನಮ್ಮ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದು ಅವತ್ತೊಂದೇ ಮಧ್ಯಾಹ್ನ. ಅಮ್ಮನಿಗೆ ಶುಗರ್. ತಮ್ಮನಿಗೆ ಸೀಲಿಯಾಕ್ ಕಾಯಿಲೆ. ಊರಿಂದ ಬಂದಿರುವ ಅಜ್ಜಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟಲ್ಲ, ಮೇಲೆ ಏಕಾದಶಿ ಬೇರೆ. ಅಪ್ಪನಿಗೆ ಇದ್ಯಾವುದೂ ಇಲ್ಲ, ಆದರೆ ಬೆಳ್ಳುಳ್ಳಿ ಇಲ್ಲದ ಸಾರು ಸಾರೇ ಅಲ್ಲ ಅನ್ನೋದು ಅವರ ವಾದ. ಅದನ್ನೂ ನಾವು ಒಂದು ಪಥ್ಯ ಅಂತಲೇ ಲೆಕ್ಕಕ್ಕೆ ಹಿಡಿದಿದ್ದೇವೆ.

ಇವುಗಳಲ್ಲಿ ರಾಜಿ ಮಾಡಿಕೊಳ್ಳಲಾಗದ್ದು ತಮ್ಮನದು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಇರುತ್ತೆ. ಸೀಲಿಯಾಕ್ ಇದ್ದವರು ಅದನ್ನು ತಿಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಮಾಡುತ್ತೆ. ಜೀವನಪೂರ್ತಿ ಗ್ಲುಟೆನ್ ಬಿಡುವುದೇ ಚಿಕಿತ್ಸೆ. ನಾವು ಚಪಾತಿ, ರವೆ, ಶಾವಿಗೆ, ಮೈದಾ ಎಲ್ಲ ಬಿಡಿಸಿದೆವು. ಮೂರು ತಿಂಗಳಾದರೂ ಹೊಟ್ಟೆನೋವು ನಿಲ್ಲಲಿಲ್ಲ, ತೂಕ ಏರಲಿಲ್ಲ. ಹೊರಗೆ ಕದ್ದು ತಿಂತಿದ್ದಾನೆ ಅಂತ ಅಮ್ಮ ಬೈದರು. ಅವನು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಅಷ್ಟರಲ್ಲಿ ಅಜ್ಜಿ ಇಂಗಿನ ಡಬ್ಬಿ ಎತ್ತಿಕೊಂಡು, “ಇದರಲ್ಲಿ ಏನೇನು ಬೆರೆಸಿದಾರೆ, ಸ್ವಲ್ಪ ಓದು” ಅಂದರು. ಓದಿದರೆ ಗೋಧಿ ಹಿಟ್ಟು! ಅಪ್ಪಟ ಇಂಗು ಗಿಡದ ಬೇರಿನಿಂದ ಒಸರುವ ಅಂಟು; ಬಹಳ ಖಾರ, ಅಳತೆಗೆ ಸಿಗಲ್ಲ. ಹಾಗಾಗಿ ಹಿಟ್ಟು, ಗೋಂದು ಸೇರಿಸಿ ಪುಡಿ ಮಾಡಿ ಮಾರುತ್ತಾರೆ. ಆ ಹಿಟ್ಟು ಸಾಮಾನ್ಯವಾಗಿ ಗೋಧಿಯದೇ. ಬೆಳ್ಳುಳ್ಳಿ ಹಾಕದ ಅಡುಗೆಯಲ್ಲಿ ಇಂಗು ಧಾರಾಳ. ಅಂದರೆ ನಾವು ಅತಿ ಸುರಕ್ಷಿತ ಅಂದುಕೊಂಡಿದ್ದ ತೊವ್ವೆ-ಸಾರಿನಲ್ಲೇ ತೊಂದರೆ ಇತ್ತು. ‘ಗ್ಲುಟೆನ್ ಫ್ರೀ’ ಅನ್ನಲು ಅಂತರರಾಷ್ಟ್ರೀಯ ಮಿತಿ ಕಿಲೋಗೆ 20 ಮಿಲಿಗ್ರಾಂ. ಚಿಟಿಕೆ ಕೂಡ ಲೆಕ್ಕಕ್ಕೆ ಬರುತ್ತೆ. ಈಗ ಅಕ್ಕಿ ಹಿಟ್ಟು ಬೆರೆಸಿದ ಇಂಗು ತರುತ್ತೇವೆ. ಪೂರಿ ಕರಿದ ಎಣ್ಣೆಯಲ್ಲಿ ಅವನ ಹಪ್ಪಳ ಕರಿಯಲ್ಲ. ಇಲ್ಲಿನ ಡಬ್ಬಿಗಳ ಮೇಲೆ ಅರಬಿಕ್ ಇರುತ್ತಲ್ಲ, ಎರಡು ಪದ ಕಲಿತಿದ್ದೇವೆ: ‘ಕಮ್‌ಹ್’ ಅಂದರೆ ಗೋಧಿ, ‘ಶಈರ್’ ಅಂದರೆ ಬಾರ್ಲಿ. ರಂಜಾನ್‌ನಲ್ಲಿ ಎಲ್ಲ ಕಡೆ ಕಾಣುವ ಹರೀಸ್ ಕೂಡ ಗೋಧಿಯದೇ.

ಅಜ್ಜಿಗೆ ಅದು ಹೊಳೆದದ್ದು ಆಶ್ಚರ್ಯವಲ್ಲ. ಅವರು ಚಾತುರ್ಮಾಸ್ಯ ಹಿಡಿದವರು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆ-ಕಾಳಿಲ್ಲ. ‘ಇದರಲ್ಲಿ ಏನಿದೆ’ ಅಂತ ಕೇಳದೆ ಬಾಯಿಗೆ ಹಾಕದಿರುವುದು ಅವರಿಗೆ ಮೊದಲಿನಿಂದ ಅಭ್ಯಾಸ.

ದಿನದ ಅಡುಗೆಗೆ ನಾಲ್ಕು ಪಾತ್ರೆ ಇಡಬೇಕಾಗಿಲ್ಲ. ನಮ್ಮ ಹುಳಿ, ತೊವ್ವೆ, ಪಲ್ಯಗಳಿಗೆ ಒಗ್ಗರಣೆ ಬೀಳುವುದು ಕೊನೆಗೆ; ಅದೇ ನಮಗೆ ಅನುಕೂಲ. ಬೇಳೆ-ತರಕಾರಿ ಒಂದೇ ಕುಕ್ಕರ್‌ನಲ್ಲಿ ಬೇಯುತ್ತೆ. ಮೊದಲು ಸಾಸಿವೆ, ಕರಿಬೇವು, ಇಂಗು; ಅಪ್ಪನ ಪಾಲು ತೆಗೆದಿಟ್ಟ ಮೇಲೆ ಅದಕ್ಕೆ ಮಾತ್ರ ಬೆಳ್ಳುಳ್ಳಿ. ಅಮ್ಮನಿಗೆ ಅದೇ ಹುಳಿ, ಪಲ್ಯ ಜಾಸ್ತಿ, ಮುದ್ದೆ ಚಿಕ್ಕದು. ರಾಗಿ ತಿಂದರೆ ಶುಗರ್ ಏರಲ್ಲ ಅನ್ನುವವರು ಬಹಳ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ನಿಜ. ಆದರೆ ಅದರಲ್ಲೂ ಮೂರನೇ ಎರಡು ಪಾಲು ಕಾರ್ಬೋಹೈಡ್ರೇಟೇ. ತಮ್ಮನಿಗಂತೂ, ಗೋಧಿ ಬೀಸಿದ ಮಿಲ್ಲಿನಲ್ಲೇ ಬೀಸಿದ ರಾಗಿ ಹಿಟ್ಟು ಬೇಡ.

ಏಕಾದಶಿ ಶುಕ್ರವಾರ ಬಿದ್ದರೆ ಮಾತ್ರ ಪೇಚು. ವಯಸ್ಸು, ಮಾತ್ರೆ ಎರಡೂ ಇರುವುದರಿಂದ ಅಜ್ಜಿ ಪೂರ್ತಿ ಉಪವಾಸ ಮಾಡಲ್ಲ. ಅವತ್ತು ಅವರಿಗೆ ಅಕ್ಕಿ, ಬೇಳೆ ಸಲ್ಲದು, ಗೋಧಿ ರವೆ ಉಪ್ಪಿಟ್ಟು ನಡೆಯುತ್ತೆ. ತಮ್ಮನಿಗೆ ಸರಿಯಾಗಿ ಅದರ ತಿರುಗು ಮುರುಗು. ಇಬ್ಬರಿಗೂ ಆಗುವುದು ಸಬ್ಬಕ್ಕಿ. ಹೆಸರಲ್ಲಿ ಅಕ್ಕಿ ಇದ್ದರೂ ಅದು ಮರಗೆಣಸಿನ ಪಿಷ್ಟ. ಆದರೆ ಬರೀ ಪಿಷ್ಟ ಅಮ್ಮನಿಗೆ ಒಳ್ಳೆಯದಲ್ಲ. ಹುರಿದ ಶೇಂಗಾ, ತೆಂಗಿನತುರಿ ಹಾಕಿ ಸಬ್ಬಕ್ಕಿ ಉಪ್ಪಿಟ್ಟು ಮಾಡ್ತೀವಿ, ಪಕ್ಕದಲ್ಲಿ ದೊಡ್ಡ ಬೋಗುಣಿ ಸೌತೆಕಾಯಿ ಮೊಸರುಬಜ್ಜಿ. ಅಮ್ಮ ಉಪ್ಪಿಟ್ಟು ಎರಡು ಚಮಚ ಹಾಕಿಕೊಂಡು ಬಜ್ಜಿ ಬಟ್ಟಲು ತುಂಬಿಸಿಕೊಳ್ಳುತ್ತಾರೆ.

ತಮ್ಮನ ತೂಕ ಈಗ ಏರುತ್ತಿದೆ. ಅಮ್ಮ ಅವನ ಹತ್ತಿರ ಬಾಯಿಬಿಟ್ಟು ಕ್ಷಮೆ ಕೇಳಲಿಲ್ಲ. ಅಡುಗೆಮನೆಯಲ್ಲಿ ಅವನ ಡಬ್ಬಿಗಳಿಗೆ ಮೇಲಿನ ಕಪಾಟು ಬಿಟ್ಟುಕೊಟ್ಟರು. ಅಪ್ಪನ ಬೆಳ್ಳುಳ್ಳಿ ಒಗ್ಗರಣೆಗೂ ಒಂದು ಬೇರೆ ಸೌಟು ಬಂದಿದೆ. ಅದನ್ನು ತೊಳೆಯುವುದು ಅಪ್ಪನದೇ ಕೆಲಸ.