ಗೂಡಿನಲ್ಲೊಂದು ತೂತು

ಒಂದು ಜೀವಿ ಇನ್ನೊಂದರ ಮೈಮೇಲೋ ಮೈಯೊಳಗೋ ನೆಲೆಸಿ, ಅದನ್ನೇ ಉಂಡು ಬದುಕುವುದು ಪರಾವಲಂಬನೆ. ಆಶ್ರಯ ಕೊಟ್ಟ ಜೀವಿ ಬೇಗ ಸತ್ತರೆ ಉಣ್ಣುವ ಜೀವಿಗೂ ನೆಲೆ ತಪ್ಪುತ್ತದೆ. ಹಾಗಾಗಿ ಬಹುಪಾಲು ಪರಾವಲಂಬಿಗಳು ಒಮ್ಮೆಲೇ ಕೊಲ್ಲದೆ ನಿಧಾನವಾಗಿ ಸವೆಸುತ್ತವೆ. ರಾಯದುರ್ಗದ ಕಡೆಯ ಕುರಿಗಳ ಜಠರದಲ್ಲಿ ರಕ್ತ ಹೀರುವ ಹೀಮಾಂಕಸ್ ಜಂತು ಈ ಬಗೆಯದು. ಹೆಣ್ಣು ಜಂತು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯೊಡನೆ ನೆಲಕ್ಕೆ ಬೀಳುತ್ತವೆ. ಮಳೆಯಾದಾಗ ಮರಿಗಳು ಹುಲ್ಲೆಸಳು ಹತ್ತಿ ಮತ್ತೊಂದು ಕುರಿಯ ಹೊಟ್ಟೆ ಸೇರುತ್ತವೆ.

ಮಡಕಶಿರಾದ ರೇಷ್ಮೆ ಸಾಕಣೆಮನೆಗಳಿಗೆ ನುಗ್ಗುವ ಊಜಿ ನೊಣದ ರೀತಿಯೇ ಬೇರೆ. ಇದು ರೇಷ್ಮೆ ಹುಳುವನ್ನು ಕೊನೆಗೆ ಕೊಂದೇ ತೀರುತ್ತದೆ. ಬಂಗಾಳದ ಕಡೆಯ ಈ ನೊಣ 1980ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡು ಆಂಧ್ರ, ತಮಿಳುನಾಡಿಗೂ ಹರಡಿತು. 2022ರಲ್ಲಿ ಮಡಕಶಿರಾ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನೊಣಕ್ಕೆ ಅಂಥ ಗಡಿಗಳ ಗೊಡವೆಯಿಲ್ಲ.

ನೋಡಲು ಮನೆನೊಣದಂತಿದ್ದರೂ ಅದಕ್ಕಿಂತ ದಪ್ಪ, ಬೂದುಗಪ್ಪು ಮೈ. ಹೆಣ್ಣು ನೊಣ ಒಂದೊಂದು ಹುಳುವಿನ ಮೈಮೇಲೆ ಒಂದೆರಡರಂತೆ, ಒಟ್ಟು ಸುಮಾರು 300 ಮೊಟ್ಟೆ ಅಂಟಿಸುತ್ತದೆ. ಎರಡು ಮೂರು ದಿನಗಳಲ್ಲಿ ಮರಿ ಹೊರಬಂದು ಹುಳುವಿನ ಚರ್ಮ ಕೊರೆದು ಒಳಹೊಗುತ್ತದೆ. ಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಇನ್ನು ಐದಾರು ದಿನ ಒಳಗಿನಿಂದಲೇ ಊಟ. ನಾಲ್ಕನೇ ಜ್ವರಕ್ಕೆ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದಕ್ಕೆ, ಮೊದಲೇ ನೊಣ ತಗುಲಿದರೆ ಹುಳು ಗೂಡು ಕಟ್ಟುವ ಮುನ್ನವೇ ಸಾಯುತ್ತದೆ. ಕೊನೆಯ ಹಂತದಲ್ಲಿ ತಗುಲಿದರೆ ಹುಳು ಬಲಿತು ಹಣ್ಣಾಗಿ ಗೂಡನ್ನೂ ಕಟ್ಟುತ್ತದೆ. ಆಮೇಲೆ ನೊಣದ ಮರಿ ಗೂಡನ್ನೇ ತೂತು ಮಾಡಿ ಹೊರಬೀಳುತ್ತದೆ. ರೈತನಿಗೆ ಹೆಚ್ಚು ನೋವಾಗುವುದು ಈ ಎರಡನೆಯದರಿಂದಲೇ, ಸೊಪ್ಪು ತಿನ್ನಿಸಿದ ಅಷ್ಟೂ ದಿನದ ದುಡಿಮೆ ನೀರುಪಾಲು. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತದೆ; ತೂತಾದ ಗೂಡಿನ ಎಳೆ ತುಂಡುತುಂಡಾಗಿ ನೂಲು ಬಿಚ್ಚಲು ಬಾರದು.

ಹೊರಬಿದ್ದ ಮರಿ ನೆಲದ ಬಿರುಕಿನಲ್ಲಿ, ಮಣ್ಣಿನಲ್ಲಿ ಅಡಗಿ ಕೋಶವಾಗುತ್ತದೆ. ಹತ್ತು ಹನ್ನೆರಡು ದಿನಗಳಲ್ಲಿ ಹೊಸ ನೊಣ ಹಾರುತ್ತದೆ. ಕಿಟಕಿ ಬಾಗಿಲಿಗೆ ನೈಲಾನ್ ಬಲೆ, ಬಿರುಕಿಲ್ಲದ ನೆಲ ಇವೆರಡೂ ಅದಕ್ಕಾಗಿಯೇ.

ಆ ಕೋಶಕ್ಕೂ ಒಂದು ಪರಾವಲಂಬಿಯಿದೆ. ನೆಸೊಲಿಂಕ್ಸ್ ಥೈಮಸ್ ಎಂಬ ಚಿಕ್ಕ ಕಣಜ ಊಜಿಯ ಕೋಶಕ್ಕೆ ಮೊಟ್ಟೆಯಿಡುತ್ತದೆ. ನೊಣದ ಬದಲು ಅದರಿಂದ ಹತ್ತಾರು ಕಣಜಗಳು ಹೊರಬರುತ್ತವೆ. ರೇಷ್ಮೆ ಹುಳುವನ್ನು ಅದು ಮುಟ್ಟುವುದಿಲ್ಲ. 100 ರೇಷ್ಮೆ ಮೊಟ್ಟೆಗುಂಪುಗಳ ಸಾಕಣೆಗೆ ಒಂದು ಲಕ್ಷ ಕಣಜ ಎಂಬುದು ಶಿಫಾರಸು; ಅದರಲ್ಲಿ ಬಹುಪಾಲನ್ನು ಗೂಡು ಬಿಡಿಸಿದ ಮೇಲೆ, ಕೋಶಗಳು ನೆಲದಲ್ಲಿ ಅಡಗಿರುವಾಗ ಬಿಡುತ್ತಾರೆ. ಊಜಿ ಕಡಿಮೆಯಾದರೆ ಕಣಜವೂ ಕಡಿಮೆಯಾಗುತ್ತದೆ, ಆದ್ದರಿಂದ ಪ್ರತಿ ಬೆಳೆಗೂ ಅದನ್ನು ಹೊಸದಾಗಿ ತಂದು ಬಿಡಬೇಕಾಗುತ್ತದೆ.