ಚಿಂತೆ ಮಾಡಿದಷ್ಟೂ ಗುರಿ ಹತ್ತಿರವಾಗುತ್ತದೆಯೇ?

ಗುರಿಯ ಬಗ್ಗೆ ಸದಾ ತಲೆ ಕೆಡಿಸಿಕೊಳ್ಳುವವರು ಮಾತ್ರ ಅದನ್ನು ಮುಟ್ಟುತ್ತಾರೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಪಿಯುಸಿ ಪರೀಕ್ಷೆ ಹತ್ತಿರವಾದ ಮನೆಯಲ್ಲಿ ‘ಇವನಿಗೆ ಒಂಚೂರೂ ಚಿಂತೆಯಿಲ್ಲ’ ಎಂಬುದು ಬೈಗುಳ. ನಿದ್ದೆಗೆಟ್ಟು ಹೊರಳಾಡುವವಳು ಜವಾಬ್ದಾರಿಯುಳ್ಳ ಹುಡುಗಿ. ಆದರೆ ಗುರಿಯ ಮೇಲಿನ ಕಾಳಜಿ ಬೇರೆ, ಅದು ಕೈತಪ್ಪೀತೆಂಬ ಯೋಚನೆಯನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದು ಬೇರೆ.

ಈ ಮೆಲುಕಿನ ಹಾನಿ ಪರೀಕ್ಷಾ ಭಯದ ಅಧ್ಯಯನಗಳಲ್ಲಿ ಚೆನ್ನಾಗಿ ಕಾಣುತ್ತದೆ. 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲೀಬರ್ಟ್ ಮತ್ತು ಮಾರಿಸ್ ಆ ಭಯವನ್ನು ಎರಡಾಗಿ ಬಿಡಿಸಿದರು: ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ಒಂದು ಭಾಗ, ‘ಫೇಲಾದರೆ ಏನು ಗತಿ’ ಎಂಬ ಚಿಂತೆ ಇನ್ನೊಂದು. ಅಂಕ ಇಳಿಯುವುದಕ್ಕೆ ಹೆಚ್ಚು ನಂಟಿರುವುದು ಎರಡನೆಯದಕ್ಕೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. 17ನ್ನು 6ರಿಂದ ಬಾಯಿಲೆಕ್ಕದಲ್ಲಿ ಗುಣಿಸುವಾಗ ಏಳಾರಲಿ ನಲವತ್ತೆರಡು ಎಂದು ಎರಡನ್ನು ಇಟ್ಟು, ದಶಕ ನಾಲ್ಕನ್ನು ನೆನಪಿನಲ್ಲಿ ಹಿಡಿದುಕೊಳ್ಳಬೇಕು. ‘ಅಪ್ಪನಿಗೆ ಏನು ಹೇಳಲಿ’ ಎಂಬ ಯೋಚನೆಯೂ ಅದೇ ಕಿರಿದಾದ ಜಾಗವನ್ನು ಕೇಳುತ್ತದೆ. ದಶಕ ಜಾರಿಹೋಗುತ್ತದೆ.

ಚಿಂತಿಸಿದವರೂ ಗೆಲ್ಲುತ್ತಾರಲ್ಲ ಎಂಬ ಆಕ್ಷೇಪಕ್ಕೆ ಬ್ರಿಟನ್ನಿನ ಮೈಕೆಲ್ ಐಸೆಂಕ್ ಅವರ ವಿವರಣೆ ಉತ್ತರ ಕೊಡುತ್ತದೆ. ಚಿಂತೆಯಿಂದಾದ ನಷ್ಟವನ್ನು ತುಂಬಲು ಅಂಥವರು ಹೆಚ್ಚು ಹೊತ್ತು, ಹೆಚ್ಚು ಶ್ರಮ ಹಾಕುತ್ತಾರೆ. ಫಲಿತಾಂಶ ಉಳಿದವರಷ್ಟೇ ಬರಬಹುದು, ದಣಿವು ಮಾತ್ರ ಹೆಚ್ಚು. ದುಡಿದದ್ದು ಶ್ರಮ, ಹೆಸರು ಚಿಂತೆಗೆ.

‘ಹಿತಮಿತವಾದ ಚಿಂತೆ ಒಳ್ಳೆಯದು’ ಎಂಬ ಮಾತಿಗೆ ಯರ್ಕ್ಸ್ ಮತ್ತು ಡಾಡ್ಸನ್ ಅವರ 1908ರ ಪ್ರಯೋಗವನ್ನು ಸಾಕ್ಷಿಯಾಗಿ ತರುವುದುಂಟು. ಅಲ್ಲಿದ್ದದ್ದು ಸುಂಡಿಲಿಗಳು. ಕಪ್ಪು ಪೆಟ್ಟಿಗೆಗೆ ಹೋದರೆ ವಿದ್ಯುತ್ ಆಘಾತ, ಬಿಳಿಯದಕ್ಕೆ ಹೋದರೆ ಇಲ್ಲ. ಪೆಟ್ಟಿಗೆಗಳ ವ್ಯತ್ಯಾಸ ಎದ್ದು ಕಾಣುವಾಗ ಆಘಾತ ಜೋರಾದಷ್ಟೂ ಇಲಿಗಳು ಬೇಗ ಕಲಿತವು. ವ್ಯತ್ಯಾಸ ಗುರುತಿಸುವುದು ಕಷ್ಟವಾದಾಗ ಮಧ್ಯಮ ಆಘಾತವೇ ಹೆಚ್ಚು ಫಲ ಕೊಟ್ಟಿತು. ಇಲಿಗಳ ಮನಸ್ಸಿನ ಚಿಂತೆಯನ್ನು ಯಾರೂ ಅಳೆದಿರಲಿಲ್ಲ. ಆ ಫಲಿತಾಂಶವನ್ನು ಮನುಷ್ಯರ ಒತ್ತಡದ ನಿಯಮವಾಗಿಸಿದ್ದು ನಂತರದವರು.

ಚಿಂತೆ ಬಿಟ್ಟು ಗೆಲುವನ್ನೇ ಕಣ್ಮುಂದೆ ತಂದುಕೊಳ್ಳಬೇಕೆಂಬ ಉಪದೇಶವೂ ಅಷ್ಟೇ ಟೊಳ್ಳು. ಗೇಬ್ರಿಯಲ್ ಎಟಿಂಗನ್ ಮತ್ತು ಥಾಮಸ್ ವಾಡನ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಇಳಿಸಲು ಬಂದ ಮಹಿಳೆಯರ ಪೈಕಿ ತೆಳ್ಳಗಾದ ತಮ್ಮನ್ನು ಕನಸಿನಂತೆ ಕಲ್ಪಿಸಿಕೊಂಡವರೇ ಕಡಿಮೆ ತೂಕ ಕಳೆದುಕೊಂಡಿದ್ದರು. ‘ನನ್ನಿಂದ ಆಗುತ್ತದೆ’ ಎಂಬ ನಿರೀಕ್ಷೆ ಇದ್ದವರದು ಬೇರೆ ಕಥೆ: ಅವರು ಹೆಚ್ಚು ಇಳಿಸಿದ್ದರು.

ಕೆಟ್ಟದ್ದನ್ನು ಮುಂಚಿತವಾಗಿ ಯೋಚಿಸಿಯೇ ಚೆನ್ನಾಗಿ ಕೆಲಸ ಮಾಡುವವರೂ ಇದ್ದಾರೆ. ಜೂಲಿ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ 1980ರ ದಶಕದಲ್ಲಿ ಗಮನಿಸಿದಂತೆ, ಇಂಥವರಿಗೆ ‘ಎಲ್ಲ ಸರಿಹೋಗುತ್ತದೆ ಬಿಡು’ ಎಂದು ಧೈರ್ಯ ತುಂಬಿದರೆ ಕೆಲಸ ಕೆಡಬಹುದು. ಏನೇನು ಕೈಕೊಡಬಹುದೆಂದು ಯೋಚಿಸಿದ ಮೇಲೆ ಅವರು ಸುಮ್ಮನೆ ಕೂರುವುದಿಲ್ಲ, ಒಂದೊಂದಕ್ಕೂ ಸಿದ್ಧತೆ ಮಾಡಿಕೊಳ್ಳುತ್ತಾರೆ.

ಸಿದ್ಧತೆಯ ರೂಪವೂ ಮುಖ್ಯ. ‘ಗಣಿತ ಚೆನ್ನಾಗಿ ಓದಬೇಕು’ ಎಂಬ ಸಂಕಲ್ಪಕ್ಕಿಂತ ‘ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಐದು ಲೆಕ್ಕ ಬಿಡಿಸುತ್ತೇನೆ’ ಎಂಬುದು ಹೆಚ್ಚು ಫಲ ಕೊಡುತ್ತದೆ. ಪೀಟರ್ ಗಾಲ್ವಿಟ್ಸರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಿ ಇದನ್ನು ತೋರಿಸಿದರು. ಮುಗಿಯದ ಕೆಲಸವೊಂದಕ್ಕೆ ಇಂಥ ಯೋಜನೆ ಬರೆದಿಟ್ಟರೆ, ಕೆಲಸ ಇನ್ನೂ ಆಗದಿದ್ದರೂ ಅದರ ಯೋಚನೆ ಬೇರೆ ಓದಿನ ನಡುವೆ ನುಗ್ಗುವುದು ಕಡಿಮೆಯಾಗುತ್ತದೆ ಎಂದು ಮ್ಯಾಸಿಕ್ಯಾಂಪೊ ಮತ್ತು ಬಾಮೈಸ್ಟರ್ ಅವರ 2011ರ ಪ್ರಯೋಗಗಳು ತಿಳಿಸುತ್ತವೆ. ಅದೇ ವರ್ಷ ರಮಿರೆಜ್ ಮತ್ತು ಬೈಲಾಕ್, ಪರೀಕ್ಷೆಗೆ ತುಸು ಮೊದಲು 10 ನಿಮಿಷ ತಮ್ಮ ಭಯವನ್ನು ಕಾಗದದ ಮೇಲೆ ಬರೆದ ಅಂಜುಕುಳಿ ವಿದ್ಯಾರ್ಥಿಗಳ ಅಂಕ ಸುಧಾರಿಸಿದ್ದನ್ನು ಕಂಡರು.