ಕೆಲಸದಿಂದ ತೆಗೆದಾಗ ಸಿಗುವ ಪರಿಹಾರಕ್ಕೆ ತೆರಿಗೆ ಇತ್ತೇ?

ಭಾರತದ 1961ರ ಆದಾಯ ತೆರಿಗೆ ಕಾಯ್ದೆಯು ಸಂಬಳ, ಬೋನಸ್, ನೋಟಿಸ್ ಅವಧಿಯ ವೇತನಗಳನ್ನಷ್ಟೇ ಅಲ್ಲದೆ, ಕೆಲಸದಿಂದ ತೆಗೆಯುವಾಗ ಮಾಲೀಕರು ಕೊಡುವ ಪರಿಹಾರವನ್ನೂ ಸಂಬಳದ ಬದಲಿಗೆ ಬಂದ ಲಾಭವೆಂದು ಗಣಿಸಿ ತೆರಿಗೆಗೆ ಒಳಪಡಿಸಿತು. ಆದರೆ ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ, ಅಂದರೆ ಹೆಚ್ಚುವರಿಯೆಂದು ಕೈಬಿಡಲಾದ ಕಾರ್ಮಿಕನಿಗೆ ಸಲ್ಲುವ ಮೊತ್ತಕ್ಕೆ, ಅದೇ ಕಾಯ್ದೆ ವಿನಾಯಿತಿಯನ್ನೂ ಇಟ್ಟಿತು: ಕೈಗೆ ಬಂದ ಹಣ, ಪ್ರತಿ ಸೇವಾವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಕೈಗಾರಿಕಾ ವಿವಾದ ಕಾಯ್ದೆಯ ಲೆಕ್ಕದಲ್ಲಿ ಬರುವ ಮೊತ್ತ ಮತ್ತು 5 ಲಕ್ಷ ರೂಪಾಯಿ, ಈ ಮೂರರಲ್ಲಿ ಕಡಿಮೆಯಾದುದಕ್ಕೆ ತೆರಿಗೆಯಿರಲಿಲ್ಲ. ದಿನಕ್ಕೆ 1,000 ರೂಪಾಯಿಯ ಸರಾಸರಿ ವೇತನದಲ್ಲಿ 10 ವರ್ಷ ದುಡಿದವನಿಗೆ 4 ಲಕ್ಷ ದೊರೆತರೆ 1.5 ಲಕ್ಷಕ್ಕೆ ಮಾತ್ರ ವಿನಾಯಿತಿ ದೊರೆತು, ಉಳಿದ 2.5 ಲಕ್ಷ ಅವನ ಆದಾಯಕ್ಕೆ ಸೇರುತ್ತಿತ್ತು. ಕಾರ್ಮಿಕನೆಂಬ ವ್ಯಾಖ್ಯೆಯೊಳಗೆ ಬಾರದ ಮ್ಯಾನೇಜರುಗಳಿಗೆ, ನ್ಯಾಯವೋ ಅಲ್ಲವೋ, ಈ ಸೌಲಭ್ಯವಿರಲಿಲ್ಲ.